ಬಾಗಿಲ ಕಡೆ ಬಂದ್, ಕಿಟಕಿ ಕಡೆ ನೀರು

ಇನ್‌ಸ್ಪೆಕ್ಟರ್ ಹಯಾಮ್ ಮದಾನಾತ್ ಲೌಝಿಯಾ ನೀರು ಕೇಂದ್ರದ ಕಂಪ್ಯೂಟರ್ ಪರದೆಯ ಮೇಲಿನ ಮೊಹರನ್ನು ಪರ್ರನೆ ಹರಿದದ್ದೇ ತಡ, ಅಲ್ಲಿನ ಕೆಲಸದ ಉಮ್ಮ್ ಕರಮ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

“ಅಯ್ಯೋ ಮಗಳೇ, ಅದು ಪೊಲೀಸರು ಹಾಕಿದ್ದು!”

“ಹಾಕಿದವಳು ನಾನೇ ತಾನೇ? ಕಿತ್ತರೆ ಬೈಯೋರು ಯಾರು?”

ಬೈಯುವವರು ಇದ್ದರು. ಆ ಮಾತು ಮುಗಿಯುವಷ್ಟರಲ್ಲೇ ಹಯಾಮ್‌ಳ ಫೋನು ಗುರ್ ಎಂದಿತು. ಅವಳ ಮೇಲಧಿಕಾರಿ ಕರ್ನಲ್ ಝೈದಾನ್‌ನ ಸಂದೇಶ.

“.ಎರಡು ಗಂಟೆಗೆ ರಿಹಾಬ್ ಫೈಲು ನನ್ನ ಮೇಜಿನ ಮೇಲಿರಬೇಕು, ಅಷ್ಟೇ”

ಇಷ್ಟು ಕಷ್ಟದಲ್ಲೂ ಹಯಾಮ್‌ಗೆ ನಗು ಬಂತು. ಫೋನಿನ ಸಂದೇಶಕ್ಕೆ ಪೂರ್ಣವಿರಾಮ ಇಡುವವನು ಇಡೀ ಅಮ್ಮಾನ್‌ನಲ್ಲಿ ಕರ್ನಲ್ ಒಬ್ಬನೇ ಇರಬೇಕು. ಇಟ್ಟ ಚುಕ್ಕಿಯೂ ಇರಬೇಕಾದಲ್ಲಿ ಇರುವುದಿಲ್ಲ. ಅರಬ್ಬಿ ಸಾಲು ಬಲದಿಂದ ಶುರುವಾಗಿ ಎಡಕ್ಕೆ ಮುಗಿಯುತ್ತದೆ. ಅವನ ಫೋನು ಮಾತ್ರ ಇಂಗ್ಲಿಷ್ ಕ್ರಮದಲ್ಲೇ ಇದೆ. ಹಾಗಾಗಿ ಕೊನೆಯ ಚುಕ್ಕಿ ಸಾಲಿನ ಬಾಲ ಬಿಟ್ಟು ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತದೆ. ಸರಿಮಾಡಿಕೊಡುತ್ತೇವೆಂದರೆ ಫೋನು ಕೈಗೆ ಕೊಡುವುದಿಲ್ಲ. ಠಾಣೆಯ ಗುಮಾಸ್ತರು ಅವನಿಗೆ ‘ಚುಕ್ಕಿ ಸಾಹೇಬ’ ಎಂದೇ ಹೆಸರಿಟ್ಟಿದ್ದರು.

ಹಾಗಂತ ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ದಿನಾ ಬೆಳಗ್ಗೆ ತನ್ನ ತೋಟದ ಮಲ್ಲಿಗೆ ತಂದು ಒಬ್ಬೊಬ್ಬರ ಮೇಜಿನ ಮೇಲೂ ಒಂದೊಂದು ಹಿಡಿ ಸುರಿದು ಹೋಗುತ್ತಿದ್ದ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿನಲ್ಲಿ, ಅದೂ ಆಗಸ್ಟ್ ತಿಂಗಳ ಬಿಸಿಲಿನಲ್ಲಿ.

ಹಯಾಮ್ ಫೋನನ್ನು ಜೇಬಿಗೆ ತುರುಕಿದಳು. ಗಂಟೆ ಹನ್ನೊಂದೂಕಾಲು.

ಭಾನುವಾರ ಈ ಪರದೆಯಿಂದ ಬಿಟ್ಟ ನೀರಿನಲ್ಲಿ, ರಿಪೇರಿಗೆಂದು ಕೊಳವೆಯ ವಾಲ್ವ್ ಇರುವ ಬಾವಿಗೆ ಇಳಿದಿದ್ದ ಕೇಂದ್ರದ ಮುದುಕ ಕೆಲಸಗಾರ ಅಬೂ ಶಾಹೆರ್ ಮುಳುಗಿದ. ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಪರದೆಯ ಮುಂದೆ ಕೂತಿದ್ದ ರಿಹಾಬ್ ಝುರೈಕಾತ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಎರಡು ಗಂಟೆಗೆ ಫೈಲು ಮುಂದಕ್ಕೆ ಹೋದರೆ ಸಂಜೆಯೊಳಗೆ ಅವಳಿಗೆ ಜೈಲು. ಕೊಲೆಯತ್ನ. ಒಂಬತ್ತು ವರ್ಷದ ಮಗಳು ಲೀನ್‌ಗೆ ಅಮ್ಮನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಬೆಳಗ್ಗೆ ಹೇಳಿಕೆಯ ಕಾಗದಕ್ಕೆ ಸಹಿ ಹಾಕುವಾಗ ರಿಹಾಬ್‌ಳ ಕೈ ಒಂಚೂರೂ ನಡುಗಿರಲಿಲ್ಲ. ಅರಬ್ಬಿಯಲ್ಲಿ ಬರೆದ ಹೆಸರಿನ ಕೊನೆಯ ಅಕ್ಷರದ ಕೆಳಗಿನ ಚುಕ್ಕಿಯನ್ನು ಅವಳು ಎಲ್ಲರಂತೆ ಇಡದೆ ಪುಟ್ಟ ಸೊನ್ನೆಯಾಗಿ ಸುತ್ತಿದ್ದನ್ನು ಹಯಾಮ್ ನೋಡಿದ್ದಳು.

“ನಾನು ಬಂದ್ ಮಾಡಿದೆ ಮೇಡಂ. ಅವರು ವೈರ್‌ಲೆಸ್‌ನಲ್ಲಿ ‘ಇಳೀತೀನಿ, ಬಂದ್ ಮಾಡು’ ಅಂದ್ರು, ಮಾಡಿದೆ. ಅದೇ ಹೊತ್ತಿಗೆ ಟೇಬಲ್ ಫೋನ್ ಬಡ್ಕೊಳ್ತು. ಎತ್ತಿದ್ರೆ ಆ ಕಡೆ ಯಾರೂ ಮಾತಾಡ್ಲಿಲ್ಲ. ನನ್ನ ಕೈ ಕಡಿದ್ರೂ ಮಾಡದ ತಪ್ಪಿಗೆ ನಾನು ಸಹಿ ಹಾಕಲ್ಲ.”

ಆ ಮಾತು ಹಯಾಮ್‌ಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಅವಳು ಪರದೆಗೆ ಬೆರಳಿಟ್ಟಳು. ಕೆಳಗೆ ಕೊಳವೆಯನ್ನು ಕೈಯಾರೆ ಬಿಗಿದು ಮುಚ್ಚಿದ್ದರಿಂದ ಇಲ್ಲಿ ಏನು ಎಳೆದರೂ ಅಪಾಯವಿರಲಿಲ್ಲ. ಅಡ್ಡಕ್ಕೆ ಒಂದು ಪಟ್ಟಿ, ಅದರ ಮೇಲೆ ಜಾರುವ ಒಂದು ಬಿಲ್ಲೆ. ಒಂದು ತುದಿಯಲ್ಲಿ ಕೆಂಪು ಗುರುತು, ಅಂದರೆ ಬಂದ್. ಇನ್ನೊಂದು ತುದಿಯಲ್ಲಿ ನೀಲಿ, ಅಂದರೆ ಪೂರ್ತಿ ತೆರೆ.

ಕೆಂಪು ಎಡಕ್ಕಿತ್ತು. ನೀಲಿ ಬಲಕ್ಕಿತ್ತು.

“ಉಮ್ಮ್ ಕರಮ್, ನೀವು ಬಂದ್ ಮಾಡಿ ನೋಡೋಣ. ಯೋಚನೆ ಮಾಡ್ಬೇಡಿ, ದಿನಾ ಮಾಡೋ ಹಾಗೆ ಮಾಡಿ.”

ಉಮ್ಮ್ ಕರಮ್ ಮರಾಮಿಯಾ ಸೊಪ್ಪಿನ ಚಹಾದ ಲೋಟ ಒಂದು ಕೈಯಲ್ಲಿ ಹಿಡಿದೇ, ಇನ್ನೊಂದು ಕೈಯಿಂದ ಬಿಲ್ಲೆಯನ್ನು ಸರ್ರೆಂದು ಬಲಕ್ಕೆ ಎಳೆದಳು. ಪರದೆಯ ಮೂಲೆಯಲ್ಲಿ ನೂರು ಎಂಬ ಅಂಕಿ ಮೂಡಿತು, ಅಂದರೆ ಪೂರ್ತಿ ತೆರೆ.

“ಇದೇನಿದು? ನಾನು ಬಾಗಿಲ ಕಡೆ ತಾನೇ ಎಳೆದೆ?”

“ಬಾಗಿಲ ಕಡೆ ಅಂದ್ರೆ?”

“ನಾವಿಲ್ಲಿ ಎಡ ಬಲ ಅನ್ನಲ್ಲ ಮಗಳೇ. ಬಾಗಿಲ ಕಡೆ ಬಂದ್, ಕಿಟಕಿ ಕಡೆ ನೀರು. ಮೂರು ತಿಂಗಳ ಹಿಂದೆ ಪ್ರೋಗ್ರಾಮ್ ಅರಬ್ಬಿಗೆ ಬಂದಾಗಿಂದ ನಾವು ನಾಲ್ಕು ಜನಾನೂ ಹಂಗೇ ಕಲ್ತಿದ್ದು.” ಅವಳು ಬಗ್ಗಿ ಕೆಂಪು ಗುರುತನ್ನು ನೋಡಿದಳು. ಚಹಾ ಲೋಟ ಮೇಜಿನ ಮೇಲೆ ಟಕ್ಕೆಂದು ಕೂತಿತು. “ಇದು ಹಿಂಗಿರ್ಲಿಲ್ಲ. ದೇವರಾಣೆ, ಇದು ಹಿಂಗಿರ್ಲಿಲ್ಲ!”

“ಹಾಗಿದ್ರೆ ಭಾನುವಾರ ರಿಹಾಬ್ ಕಣ್ಣಿಗೆ ಬೀಳ್ಲಿಲ್ವಾ?”

“ಒಂದು ಮಾತು ಕೇಳ್ತೀನಿ. ನಿಮ್ಮನೆ ಮೆಟ್ಟಿಲು ಎಷ್ಟಿದೆ?”

ಹಯಾಮ್ ಬೆರಳು ಮಡಿಸಿ ಎಣಿಸತೊಡಗಿ ಅರ್ಧಕ್ಕೇ ಬಿಟ್ಟಳು.

“ನೋಡಿದ್ರಾ? ನಿಮಗೆ ಗೊತ್ತಿಲ್ಲ, ನಿಮ್ಮ ಕಾಲಿಗೆ ಗೊತ್ತು. ಅವಳ ಕೈಗೂ ಗೊತ್ತಿತ್ತು, ಎಳೀತು. ಅಲ್ದೆ ಅವತ್ತು ಮೇಲಿನ ಬಡಾವಣೆ ಸರದಿ, ಅರ್ಧ ಮಾತ್ರ ತೆರೆದಿತ್ತು. ಬಿಲ್ಲೆ ನಟ್ಟನಡುವೆ.”

ಹಯಾಮ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಬಿಲ್ಲೆ ನಡುವೆ ಇದ್ದರೆ ಪಟ್ಟಿಯನ್ನು ಎಡದಿಂದ ನೋಡಿದರೂ ಒಂದೇ, ಬಲದಿಂದ ನೋಡಿದರೂ ಒಂದೇ. ವಾರದಲ್ಲಿ ಹಾಗಿರುವುದು ಆ ಒಂದು ಬೆಳಗ್ಗೆ ಮಾತ್ರ. ಪಟ್ಟಿಯನ್ನು ತಿರುಗಿಸಿದವರು ಯಾರೇ ಆಗಲಿ, ನೀರಿನ ಸರದಿಯನ್ನು ಚೆನ್ನಾಗಿ ಬಲ್ಲವರು.

ಆದರೆ ಉಮ್ಮ್ ಕರಮ್‌ಳ ಆಣೆಯನ್ನು ಫೈಲಿನೊಳಗೆ ಹಾಕುವಂತಿರಲಿಲ್ಲ. ಇವಳು ರಿಹಾಬ್‌ಳ ಗೆಳತಿ. ಅಲ್ಲದೆ ಗುರುವಾರ ರಿಹಾಬ್ ಎಲ್ಲರೆದುರೇ ಅಬೂ ಶಾಹೆರ್‌ನ ಮೇಲೆ ಕೂಗಾಡಿದ್ದಳು: ‘ಒಂದಿನ ಆ ಬಾವಿಯಲ್ಲೇ ನಿನ್ನ ಮುಳುಗಿಸ್ತೀನಿ ನೋಡು!’ ಅದನ್ನು ಆರು ಮಂದಿ ಕೇಳಿಸಿಕೊಂಡಿದ್ದರು.

“ಜಗಳ ಯಾತಕ್ಕೆ?” ಹಯಾಮ್ ಕೇಳಿದಳು.

“ಗುಡ್ಡದ ತುದೀಲಿರೋ ಒಂದು ಮನೆಗೆ ಮುದುಕ ಸರದಿ ಇಲ್ದೆ ನೀರು ಬಿಡ್ತಿದ್ದ. ಕೆಳಗಿನ ಓಣಿ ಒಣಗಿ ಸಾಯ್ತಿತ್ತು. ಯಾರ ಮನೆ ಅಂದ್ರೆ, ‘ಹೆಸರೆತ್ತಿದ್ರೆ ನಿನ್ನ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ’ ಅಂದ. ಆಮೇಲೆ ಅವನಿಗೇ ಏನನ್ನಿಸ್ತೋ, ಶನಿವಾರ ಬಂದು ಇವಳ ಹತ್ರ ಕ್ಷಮೆ ಕೇಳಿದ. ‘ಸಾಕಾಯ್ತು ಮಗಾ, ನಾಳೆ ಮಧ್ಯಾಹ್ನ ಹೋಗಿ ಎಲ್ಲಾ ಬರೆದು ಕೊಡ್ತೀನಿ’ ಅಂದ. ಮಧ್ಯಾಹ್ನದ ತನಕ ಉಳಿದ್ರೆ ತಾನೇ!” ಉಮ್ಮ್ ಕರಮ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

“ಪಟ್ಟಿ ಹಿಂದೆ ಹೇಗಿತ್ತು ಅನ್ನೋದಕ್ಕೆ ಸಾಕ್ಷಿ ಬೇಕು. ಬಾಯಿಮಾತು ಸಾಲದು. ಕಾಗದ, ಫೋಟೋ, ಏನಾದ್ರೂ?”

ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು.

“ನಮ್ಮ ಮಗ ಕರಮ್ ತೌಜಿಹಿ ಪಾಸಾದಾಗ ಇಲ್ಲೇ ಕೇಕ್ ಕತ್ತರಿಸಿದ್ವಿ!”

ಶಾಲೆಯ ಕೊನೆಯ ವರ್ಷದ ತೌಜಿಹಿ ಪರೀಕ್ಷೆಯ ಫಲಿತಾಂಶ ಬಂದ ದಿನ ಊರೆಲ್ಲ ಪಟಾಕಿ ಹೊಡೆಯುತ್ತದೆ. ಉಮ್ಮ್ ಕರಮ್ ಅಂತೂ ಇಪ್ಪತ್ತೇಳು ಫೋಟೋ ಹೊಡೆದುಕೊಂಡಿದ್ದಳು. ಹತ್ತೊಂಬತ್ತನೆಯದರಲ್ಲಿ ಅವಳೂ ರಿಹಾಬ್‌ಳೂ ಕೇಕ್ ಎತ್ತಿ ಹಿಡಿದು ಹಲ್ಲು ಕಿರಿದಿದ್ದರು. ಹಿಂದೆ ಪರದೆ. ಅಕ್ಷರಗಳು ಮಸುಕಾಗಿದ್ದರೂ ಬಣ್ಣ ನಿಚ್ಚಳವಾಗಿತ್ತು. ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಕೆಳಗೆ ತಾರೀಖು, ಮೂರು ವಾರದ ಹಿಂದಿನದು.

“ಇದನ್ನ ನನಗೆ ಕಳಿಸಿ. ಮಗು ಎಲ್ಲಿದೆ?”

“ಲೀನ್ ನಮ್ಮನೇಲೇ ಇದಾಳೆ, ನನ್ನ ಮಗಳ ಜೊತೆ. ನೀವು ಅದರ ಅಮ್ಮನ್ನ ತಂದುಕೊಡಿ ಸಾಕು.”

“ತಂದುಕೊಡ್ತೀನಿ,” ಎಂದಳು ಹಯಾಮ್. ಕೊಟ್ಟ ಮಾತು ನಡೆಸಲಾಗದವರು ಬಾಯಿ ಬಿಡಬಾರದು ಎಂದು ಸದಾ ಹೇಳುವವಳು, ಇವತ್ತು ಯೋಚಿಸದೆಯೇ ಮಾತು ಕೊಟ್ಟುಬಿಟ್ಟಿದ್ದಳು.

*

ಪ್ರೋಗ್ರಾಮನ್ನು ಅರಬ್ಬಿಗೆ ತಂದ ಇಂಜಿನಿಯರ್ ಮುತಝ್ ದಬ್ಬಾಸ್‌ನ ಕಚೇರಿ ವೈಬ್ದೆ ಬಡಾವಣೆಯ ಒಂದು ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಹಯಾಮ್ ಮೆಟ್ಟಿಲು ಹತ್ತುವಾಗ ಬೇಕೆಂದೇ ಎಣಿಸಿದಳು. ಐವತ್ತೆರಡು.

ದಬ್ಬಾಸ್ ತೆಳ್ಳಗಿನ, ಇಸ್ತ್ರಿ ಕೆಡದ ಮನುಷ್ಯ. ಏಲಕ್ಕಿ ಹಾಕಿದ ಕಾಫಿ ತರಿಸಿದ. ಹಯಾಮ್ ಕಪ್ಪು ತೆಗೆದುಕೊಂಡು, ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟಳು.

ಅವನ ಮುಖದ ನಗು ಅರ್ಧಕ್ಕೆ ನಿಂತಿತು. ಹೆಣ್ಣನ್ನೋ ಬೇರೇನನ್ನೋ ಕೇಳಲು ಬಂದವರು ಕಪ್ಪನ್ನು ಹಾಗೆ ಕೆಳಗಿಟ್ಟರೆ, ಕೇಳಿದ್ದು ಕೊಡುವ ತನಕ ಕುಡಿಯುವುದಿಲ್ಲ ಎಂದು ಅರ್ಥ. ಪಟ್ಟಣದಲ್ಲಿ ಹುಟ್ಟಿದ ದಬ್ಬಾಸ್‌ಗೂ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

“ಏನಿದು ಮೇಡಂ, ಹೆಣ್ಣು ಕೇಳೋಕೆ ಬಂದ ಹಾಗೆ!”

“ಹೆಣ್ಣು ಕೇಳೋಕೇ ಬಂದಿದ್ದೀನಿ. ರಿಹಾಬ್‌ನ ವಾಪಸ್ ಕೊಡಿ.”

“ನನ್ನ ಹತ್ರ ಎಲ್ಲಿದಾಳೆ ಅವಳು?”

“ನಿಮ್ಮ ಪಟ್ಟಿಯೊಳಗೆ ಸಿಕ್ಕಿಹಾಕಿಕೊಂಡಿದಾಳೆ. ಪ್ರೋಗ್ರಾಮ್ ಅರಬ್ಬಿಗೆ ತರೋವಾಗ ಏನೇನು ತಿರುಗಿಸ್ತೀರಿ, ಹೇಳಿ.”

ಇದು ಅವನ ವಿದ್ಯೆ. ಮೈಮೇಲಿನ ಬಿಗಿ ಸ್ವಲ್ಪ ಸಡಿಲವಾಯಿತು. “ಕನ್ನಡಿ ಹಿಡಿದ ಹಾಗೆ ಮಗುಚ್ತೀವಿ. ಎಡಗಡೆ ಇದ್ದ ಮೆನುಗಳೆಲ್ಲ ಬಲಕ್ಕೆ ಬರ್ತವೆ, ಹಿಂದಕ್ಕೆ ಹೋಗೋ ಬಾಣ ಬಲಕ್ಕೆ ತಿರುಗುತ್ತೆ. ಆದ್ರೆ ಎಲ್ಲಾನೂ ಮಗುಚೋ ಹಾಗಿಲ್ಲ. ಗಡಿಯಾರ ಮಗುಚಲ್ಲ, ಫೋನ್ ನಂಬರ್ ಮಗುಚಲ್ಲ, ಹಾಡು ಓಡೋ ಗೆರೆ ಮಗುಚಲ್ಲ. ಯಂತ್ರ ನಡೆಸೋ ಪಟ್ಟಿನೂ ಅದೇ ಜಾತಿ. ಅದನ್ನ ನಾವು ಮುಟ್ಟೇ ಇಲ್ಲ.”

“ಅಂದ್ರೆ ಲೌಝಿಯಾ ಕೇಂದ್ರದ ಪಟ್ಟಿಯಲ್ಲಿ ಮೊದಲಿಂದಲೂ ಎಡಕ್ಕೆ ಬಂದ್, ಬಲಕ್ಕೆ ತೆರೆ?”

“ಮೊದಲಿಂದಲೂ. ಆಯಮ್ಮ ಬಲಕ್ಕೆ ಎಳೆದಿದ್ರೆ ತೆರೆದಿದ್ದು ಅವಳೇ. ಮೈಮರೆತು ಎಳೆದ್ಲೋ, ಬೇಕಂತಲೇ ಎಳೆದ್ಲೋ, ಅದು ನಿಮ್ಮ ಕೆಲಸ.”

ಹಯಾಮ್ ಫೋಟೋ ತೋರಿಸಿದಳು. ಅವನು ಎರಡು ಗಳಿಗೆ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ.

“ಮೇಡಂ, ಇದು ಸೆಲ್ಫಿ! ಎಷ್ಟೋ ಫೋನುಗಳ ಮುಂದಿನ ಕ್ಯಾಮರಾ ಎಡ ಬಲ ಅದಲುಬದಲು ಮಾಡುತ್ತೆ. ಚಿಕ್ಕ ಮಕ್ಕಳಿಗೂ ಗೊತ್ತು. ಇಷ್ಟಕ್ಕೆ ಐವತ್ತು ಮೆಟ್ಟಿಲು ಹತ್ತಿ ಬಂದ್ರಾ?”

“ಐವತ್ತೆರಡು. ಕೇಕ್ ಮೇಲೆ ಏನು ಬರೆದಿದೆ, ಓದಿ.”

“ಮಬ್ರೂಕ್ ಕರಮ್...”

ಹೇಳಿ ಮುಗಿಸುವ ಮೊದಲೇ ಅವನಿಗೆ ತಾನು ಬಿದ್ದ ಹಳ್ಳ ಕಂಡಿತು. ಕ್ಯಾಮರಾ ಅದಲುಬದಲು ಮಾಡಿದ್ದರೆ ಕೇಕಿನ ಮೇಲಿನ ಅಕ್ಷರಗಳೂ ಕನ್ನಡಿಯೊಳಗಿನಂತೆ ತಿರುವುಮುರುವಾಗಿರಬೇಕಿತ್ತು. ಅವು ನೆಟ್ಟಗೆ, ಬಲದಿಂದ ಎಡಕ್ಕೆ, ಬಿಳಿ ಕೆನೆಯಲ್ಲಿ ಮುದ್ದಾಗಿ ಕೂತಿದ್ದವು.

“ಓದೋಕೆ ಕಷ್ಟ ಆಯ್ತಾ?” ಹಯಾಮ್ ಮೆತ್ತಗೆ ಕೇಳಿದಳು.

ದಬ್ಬಾಸ್ ಅವಳ ಫೋನನ್ನು ಮೆಲ್ಲಗೆ ಅವಳ ಕಡೆ ತಳ್ಳಿದ. ಕಿಟಕಿಯ ಹೊರಗೆ ಗ್ಯಾಸ್ ಮಾರುವ ಗಾಡಿಯ ಸಂಗೀತ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

“ನೀವು ಪಟ್ಟಿನ ಮಗುಚಿದ್ರಿ. ಮೂರು ತಿಂಗಳು ಅದು ಹಾಗೇ ಇತ್ತು, ನಾಲ್ಕು ಜನರ ಕೈ ಅದಕ್ಕೆ ಒಗ್ಗಿತು. ಆಮೇಲೆ ಯಾವತ್ತೋ ಒಂದಿನ ಮತ್ತೆ ಇಂಗ್ಲಿಷ್ ಕ್ರಮಕ್ಕೆ ತಿರುಗಿಸಿದ್ರಿ. ಯಾವತ್ತು?”

“ಮೇಡಂ, ನನಗೂ ಹೆಂಡ್ತಿ ಮಕ್ಕಳಿದಾರೆ...”

“ಅವಳಿಗೆ ಗಂಡ ಇಲ್ಲ, ಒಂದೇ ಮಗು ಇದೆ. ಯಾವತ್ತು?”

“ನನ್ನನ್ನ ಬಿಟ್ಟುಬಿಡಿ.”

“ಮುದುಕ ಕಣ್ಣು ತೆರೀದೆ ಸತ್ತರೆ ಇದು ಕೊಲೆ ಆಗುತ್ತೆ. ಆಗ ಇಲ್ಲಿಗೆ ಬರೋದು ನಾನೊಬ್ಬಳೇ ಅಲ್ಲ. ನಾನಂತೂ ಹೋಗಲ್ಲ. ಕಾಫಿ ಆರಲಿ, ಇನ್ನೊಂದು ತರಿಸಿ, ಅದೂ ಆರಲಿ. ಯಾವತ್ತು ತಿರುಗಿಸಿದ್ರಿ?”

ಹಯಾಮ್‌ಗೆ ಸಿಟ್ಟು ಬಂದಿತ್ತು. ಆದರೂ ದನಿ ಏರಿಸಲಿಲ್ಲ. ಇಂಥವರು ಬೈದರೆ ಗಟ್ಟಿಯಾಗುತ್ತಾರೆ, ಕಾದರೆ ಕರಗುತ್ತಾರೆ ಎಂಬುದು ಅವಳ ಇಪ್ಪತ್ತು ವರ್ಷದ ಅನುಭವ.

ಎರಡು ನಿಮಿಷ ಕಾದಳು. ದಬ್ಬಾಸ್ ಹಣೆ ಒರೆಸಿಕೊಂಡು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಪ್ರೋಗ್ರಾಮಿನಲ್ಲಿ ಏನು ಬದಲಾಯಿಸಿದರೂ ಅದು ತಾನಾಗಿಯೇ ದಾಖಲಾಗುತ್ತಿತ್ತು. ಕೊನೆಯ ಸಾಲಿಗೆ ಅವನು ಬೆರಳಿಟ್ಟ. ಭಾನುವಾರ, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷ.

ಅಬೂ ಶಾಹೆರ್ ಮುಳುಗಿದ್ದು ಹತ್ತೂ ನಲವತ್ತಕ್ಕೆ.

“ನೀರಿನ ಕಚೇರಿಯಿಂದ ಅಂತ ಒಬ್ರು ಫೋನ್ ಮಾಡಿದ್ರು,” ದಬ್ಬಾಸ್‌ನ ದನಿ ನೆಲಕ್ಕಿಳಿದಿತ್ತು. “ಗತ್ತಿನ ದನಿ. ಸುರಕ್ಷತೆಗೋಸ್ಕರ ತಕ್ಷಣ ತಿರುಗಿಸಿ ಅಂದ್ರು. ಬರೆದು ಕಳಿಸಿ ಅಂದೆ, ಮೆಸೇಜ್ ಕಳಿಸಿದ್ರು. ನಾನು ನಂಬಿದೆ. ಸಂಜೆ ಮತ್ತೆ ಫೋನ್ ಮಾಡಿ, ‘ನೀನು ಅದನ್ನ ಯಾವತ್ತೂ ಮಗುಚೇ ಇಲ್ಲ, ತಿಳೀತಾ? ಮಗುಚಿದ್ದೆ ಅಂತ ಬಾಯಿಬಿಟ್ರೆ ಬಾವಿಗೆ ಬೀಳೋನು ನೀನೇ’ ಅಂದ್ರು. ಹೆದರಿದೆ ಮೇಡಂ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ.”

“ಮೆಸೇಜ್ ಅಳಿಸಿದ್ರಾ?”

“ಇಲ್ಲ. ಹೆದರಿದ್ದಕ್ಕೇ ಅಳಿಸಲಿಲ್ಲ.”

ಅವನು ಫೋನು ಮುಂದಿಟ್ಟ. ಹೆಸರಿಲ್ಲದ ನಂಬರು. ಒಂದೇ ಸಾಲು.

“.ಲೌಝಿಯಾದ ಪಟ್ಟಿ ಹಿಂದಿನಂತೆ ಎಡದಿಂದಲೇ ಶುರುವಾಗಬೇಕು, ಹತ್ತೂಕಾಲರೊಳಗೆ, ಅಷ್ಟೇ”

ಹಯಾಮ್ ಒಮ್ಮೆ ಓದಿದಳು. ಆಮೇಲೆ ಓದುವುದನ್ನು ಬಿಟ್ಟು ಸಾಲು ಶುರುವಾಗುವ ಬಲತುದಿಯನ್ನು ಮಾತ್ರ ನೋಡುತ್ತ ಕೂತಳು. ಅಲ್ಲಿ, ಇರಬಾರದ ಜಾಗದಲ್ಲಿ, ಒಂದು ಚುಕ್ಕಿ.

ಚುಕ್ಕಿ ಸಾಹೇಬ. ಗುಡ್ಡದ ತುದಿಯ ಮನೆ. ಸರದಿಯಿಲ್ಲದೆ ಹರಿದ ನೀರು. ಆಗಸ್ಟ್‌ನಲ್ಲೂ ಬಾಡದ ಮಲ್ಲಿಗೆ. ಆರು ವರ್ಷದಿಂದ ದಿನಾ ಬೆಳಗ್ಗೆ ತನ್ನ ಮೇಜಿನ ಮೇಲೆ ಬೀಳುತ್ತಿದ್ದ ಆ ಹೂವನ್ನು ಅವಳು ಎಷ್ಟೋ ಸಲ ಮೂಗಿಗೆ ಹಿಡಿದು, ದೇವರು ಚೆನ್ನಾಗಿಟ್ಟಿರಲಿ ಎಂದು ಹರಸಿದ್ದಳು. ಅದು ಕುಡಿದದ್ದು ಕೆಳಗಿನ ಓಣಿಯ ನೀರು.

“ಯಾರು ಅಂತ ಗೊತ್ತಾಯ್ತಾ ಮೇಡಂ?” ದಬ್ಬಾಸ್ ಅವಳ ಮುಖ ನೋಡಿ ಹೆದರಿದ್ದ.

ಹಯಾಮ್ ಆರಿ ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು. ದಬ್ಬಾಸ್‌ನ ಎದೆಯಿಂದ ದೊಡ್ಡದೊಂದು ಉಸಿರು ಹೊರಬಿತ್ತು.

“ಈ ಫೋನು ನನ್ನ ಹತ್ರ ಇರುತ್ತೆ. ಆ ದಾಖಲೆ ಎರಡು ಪ್ರತಿ ಪ್ರಿಂಟ್ ಮಾಡಿ, ಎರಡಕ್ಕೂ ಸಹಿ ಹಾಕಿ. ಬೀಗ ಹಾಕ್ಕೊಂಡು ನಿಮ್ಮ ಅಣ್ಣನ ಮನೆಗೋ ಅತ್ತೆ ಮನೆಗೋ ಹೋಗಿ. ಯಾರು ಕರೆದ್ರೂ ಬಾಗಿಲು ತೆರೀಬೇಡಿ. ಪೊಲೀಸ್ ಅಂದ್ರಂತೂ ತೆರೀಲೇಬೇಡಿ.”

“ನೀವೇ ಪೊಲೀಸಲ್ವಾ ಮೇಡಂ?”

“ಅದಕ್ಕೇ ಹೇಳ್ತಿ‌ರೋದು.”

ಗಂಟೆ ಒಂದೂ ಇಪ್ಪತ್ತು. ಫೈಲು ಕರ್ನಲ್‌ನ ಮೇಜಿಗೆ ಹೋಗುವುದಿಲ್ಲ, ನೇರ ಪ್ರಾಸಿಕ್ಯೂಟರ್ ಮುಂದೆ ಹೋಗುತ್ತದೆ. ಕೆಲಸ ಹೋದರೂ ಹೋಗಲಿ. ರಿಹಾಬ್ ಇವತ್ತು ರಾತ್ರಿ ಮಗಳ ಪಕ್ಕದಲ್ಲಿ ಮಲಗಬೇಕು. ಹಯಾಮ್ ಐವತ್ತೆರಡು ಮೆಟ್ಟಿಲನ್ನೂ ಬಹುತೇಕ ಓಡಿಯೇ ಇಳಿದಳು.

ಕಾರಿನ ಬಾಗಿಲು ತೆರೆಯುವಾಗ ಅವಳ ಜೇಬಿನ ಫೋನು ಗುರ್ ಎಂದಿತು.

“.ರಿಹಾಬ್ ತಪ್ಪೊಪ್ಪಿಕೊಂಡಿದ್ದಾಳೆ, ನೀನು ಇನ್ನು ಎಲ್ಲೂ ಅಲೆಯಬೇಕಾಗಿಲ್ಲ, ಅಷ್ಟೇ”

ಕೆಳಗೆ ಒಂದು ಫೋಟೋ. ಟೈಪ್ ಮಾಡಿದ ಕಾಗದ. ‘ನಾನೇ ಬೇಕೆಂದು ನೀರು ಬಿಟ್ಟೆ’ ಎಂಬ ಕೊನೆಯ ಸಾಲಿನ ತಲೆಯ ಮೇಲೂ ಅದೇ ಚುಕ್ಕಿ. ಟೈಪ್ ಮಾಡಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

ಆದರೆ ಕೆಳಗಿನ ಸಹಿ ಖೋಟಾ ಆಗಿರಲಿಲ್ಲ. ಹಯಾಮ್ ಫೋಟೋವನ್ನು ಹಿಗ್ಗಿಸಿ ನೋಡಿದಳು. ಹೆಸರಿನ ಕೊನೆಯ ಅಕ್ಷರದ ಕೆಳಗೆ, ಚುಕ್ಕಿಯ ಜಾಗದಲ್ಲಿ, ಪುಟ್ಟದೊಂದು ಸೊನ್ನೆ. ಬೆಳಗ್ಗೆ ನಡುಗದ ಕೈ ಇಲ್ಲಿ ನಡುಗಿತ್ತು.

ಕೈ ಕಡಿದರೂ ಸಹಿ ಹಾಕುವುದಿಲ್ಲ ಎಂದವಳು ಯಾವುದಕ್ಕೆ ಹೆದರಿ ಹಾಕಿದಳು?

ಹಯಾಮ್ ಉಮ್ಮ್ ಕರಮ್‌ಗೆ ಫೋನು ಮಾಡಿದಳು. ಅವಳು ಒಂದೇ ರಿಂಗಿಗೆ ಎತ್ತಿದಳು.

“ಲೀನ್ ಎಲ್ಲಿ?”

“ಅಯ್ಯೋ, ನೀವೇ ತಾನೇ ಮಗಳೇ ಜೀಪು ಕಳಿಸಿದ್ದು? ಅಮ್ಮನ್ನ ತೋರಿಸ್ತೀವಿ ಅಂತ ಆಗಲೇ ಕರ್ಕೊಂಡು ಹೋದ್ರಂತೆ, ನನ್ನ ಮಗಳು ಫೋನ್ ಮಾಡಿದ್ಲು. ಮಗು ಮೊದಲು ಬರಲ್ಲ ಅಂತ ಅಳ್ತಿತ್ತಂತೆ. ಆ ಸಾಹೇಬ್ರು ಬಹಳ ಒಳ್ಳೆಯವರಂತೆ, ಕೈ ತುಂಬಾ ಮಲ್ಲಿಗೆ ಕೊಟ್ಟು ಸಮಾಧಾನ ಮಾಡಿದ್ರಂತೆ.”